ಕಟ್ಟು ಹಾಕುವ ಚಾಚಾ ಮತ್ತು ಬೆಳ್ಳಿಹುಳ

ಯಾರ ಮನೆಗೆ ಹೋದರೂ ಚಾಚಾ ಮೊದಲು ಗೋಡೆಯನ್ನು ನೋಡುತ್ತಿದ್ದರು, ಮನೆಯವರನ್ನು ಆಮೇಲೆ. ಗೋಡೆಯ ಮೇಲೆ ಇರುವವರು ಒಂದೋ ದೇವರು, ಇಲ್ಲವೇ ಸತ್ತವರು. ಅವರ ಯೋಗಕ್ಷೇಮವನ್ನು ಕಣ್ಣಿನಲ್ಲೇ ವಿಚಾರಿಸಿ ಮುಗಿಸಿ, “ಹಾಂ, ಈಗ ನಿಮ್ಮ ಸುದ್ದಿ ಹೇಳ್ರಿ” ಎಂದು ಬದುಕಿದ್ದವರ ಕಡೆಗೆ ತಿರುಗುತ್ತಿದ್ದರು. ಇದನ್ನು ಅಗೌರವವೆಂದು ತಿಳಿದವರು ಇದ್ದರು. ನನಗೆ ಹಾಗೆ ಅನಿಸಲಿಲ್ಲ. ಆ ಗೋಡೆಗಳ ಮೇಲಿದ್ದವರಲ್ಲಿ ಮುಕ್ಕಾಲು ಪಾಲು ಜನರನ್ನು ಮೊಳೆಗೆ ನೇತುಹಾಕಿದವರು ಅವರೇ.

ವಿಜಾಪುರದ ಗಾಂಧಿ ಚೌಕದಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಅವರ ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುವುದು ಕಸುಬು. ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇದು ಎಪ್ಪತ್ತರ ದಶಕದ ಮಾತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಓಣಿಯಲ್ಲಿ ಆ ಹೆಸರು ಗೊತ್ತಿದ್ದವರು ಅವರ ಹೆಂಡತಿ ಮತ್ತು ರೇಶನ್ ಅಂಗಡಿಯವ, ಇಬ್ಬರೇ. ಉಳಿದವರಿಗೆಲ್ಲ ಅವರು ಚಾಚಾ. ಮುಂದೆ ಹೇಳುವುದರಲ್ಲಿ ನಾನು ಕಂಡದ್ದು ಹೆಚ್ಚು, ಕೇಳಿದ್ದು ಕಡಿಮೆ. ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಸಣ್ಣ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ದಾರ ಸುತ್ತಿತ್ತು. ಕೆಲಸ ಮಾಡುವಾಗ ತುಟಿಗಳ ನಡುವೆ ಸದಾ ನಾಲ್ಕು ಸಣ್ಣ ಮೊಳೆ. ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಮಾತು ಬಾಯಿಯ ಎಡ ಮೂಲೆಯಿಂದ ಬರುತ್ತಿತ್ತು. ಅವರು ಮೊಳೆ ತೆಗೆದಿಟ್ಟು ಮಾತಾಡಿದ್ದನ್ನು ನಾನು ಎರಡು ಸಲ ಮಾತ್ರ ನೋಡಿದ್ದೇನೆ. ಆ ಎರಡನ್ನೂ ಮುಂದೆ ಹೇಳುತ್ತೇನೆ.

ಒಂದು ಸಲ ಒಬ್ಬ ಗೌಡರು ಬಂದು, ತಮ್ಮ ತಂದೆ ಫೋಟೋದಲ್ಲಿ ಸೊರಗಿದಂತೆ ಕಾಣುತ್ತಾರೆ ಎಂದು ತಕರಾರು ತೆಗೆದರು. ಚಾಚಾ ತಲೆ ಎತ್ತಲಿಲ್ಲ. “ಗೌಡ್ರ, ನಾ ಕಟ್ಟು ಹಾಕೇನಿ. ರೊಟ್ಟಿ ಹಾಕೂದು ನಿಮ್ಮ ಕೆಲಸ ಇತ್ತು” ಅಂದರು. ಬದುಕಿರುವವರ ಫೋಟೋ ಯಾರಾದರೂ ಕಟ್ಟು ಹಾಕಿಸಲು ತಂದರೆ, “ಇಷ್ಟ್ಯಾಕ್ರಿ ಅವಸರ?” ಎನ್ನುತ್ತಿದ್ದರು. ಮದುವೆಯ ಫೋಟೋ ತಂದವರಿಗೂ ಅದೇ ಪ್ರಶ್ನೆ.

ಅಂಗಡಿಯ ಹಿಂದೆಯೇ ಮನೆ. ಅದರ ಗೋಡೆಗಳು ಖಾಲಿ. ಮನೆಯೊಳಗೆ ಫೋಟೋ ಹಾಕುವುದು ಅವರ ತಾಯಿಗೆ ಸೇರುತ್ತಿರಲಿಲ್ಲವಂತೆ. ತಾಯಿ ಹೋದ ಮೇಲೂ ಅವರು ಹಾಕಲಿಲ್ಲ. ನಾನೊಮ್ಮೆ ಯಾಕೆಂದು ಕೇಳಿದೆ.

“ಹಗಲೆಲ್ಲಾ ಊರ ಮಂದಿ ಮಾರಿ ನೋಡ್ತೇನ್ರಿ ಮಾಸ್ತರ. ಮನಿಗೆ ಹೋದ್ರ ಗ್ವಾಡಿನರ ಸುಮ್ನ ಇರಲಿ” ಅಂದರು.

ಅವರಿಗೆ ತಮ್ಮ ಅಂಟಿನ ಬಗ್ಗೆ ಹೆಮ್ಮೆ. ಕಟ್ಟು ಹಾಕುವಾಗ ಫೋಟೋವನ್ನು ರಟ್ಟಿಗೆ ಅಂಟಿಸಬೇಕು, ಹಿಂದೆ ಧೂಳು ಹೋಗದಂತೆ ಕಾಗದ ಮೆತ್ತಬೇಕು. ಅವರ ತಂದೆಯ ಕಾಲದಲ್ಲಿ ಆ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ತಿಕೋಟಾದ ದ್ರಾಕ್ಷಿ ತೋಟದವರು ಬಳ್ಳಿಗೆ ಹೊಡೆಯುತ್ತಾರಲ್ಲ, ಆ ನೀಲಿ ಹರಳು. ಅವರು ಅದಕ್ಕೆ ಮೋರಚೂದ ಅನ್ನುತ್ತಾರೆ. ಅದನ್ನು ಬೆರೆಸಿದರೆ ಕೆಲವು ವರ್ಷಗಳಲ್ಲಿ ಫೋಟೋದ ಅಂಚಿಗೆ ಹಸಿರು ನೀಲಿ ಕಲೆ ಮೂಡುತ್ತಿತ್ತು. ಜನ ಗೊಣಗುತ್ತಿದ್ದರು. ಚಾಚಾ ಅಂಗಡಿ ವಹಿಸಿಕೊಂಡ ಮೇಲೆ ಅದನ್ನು ಬಿಟ್ಟರು. ಬರೀ ಗೋದಿ ಹಿಟ್ಟು, ಹೊಳಪಿಗೆ ಚಿಟಿಕೆ ಸಕ್ಕರೆ. ಚಾಚಿ ಅದನ್ನು ಹಾಲಿನಂತೆ ಬೆಳ್ಳಗೆ ಕಾಯಿಸಿ ಕೊಡುತ್ತಿದ್ದರು. “ನಮ್ಮ ಕಟ್ಟಿಗೆ ಕಲಿ ಬೀಳಂಗಿಲ್ಲ” ಎಂಬುದು ಅಂಗಡಿಯ ಮಾತಾಯಿತು. ವಿಜಾಪುರ, ತಿಕೋಟಾ, ಬಬಲೇಶ್ವರ, ಎಲ್ಲ ಕಡೆಯವರೂ ಆ ಬಿಳಿ ಅಂಟಿಗಾಗಿ ಬರುತ್ತಿದ್ದರು. ಕಲೆ ಬೀಳಲಿಲ್ಲ, ನಿಜ.

ನನ್ನ ಕೋಣೆಯ ಗೋಡೆಯ ಮೇಲೆ ನನ್ನ ತಾಯಿಯ ಫೋಟೋ ಇತ್ತು. ಚಾಚಾನೇ ಕಟ್ಟು ಹಾಕಿದ್ದು. ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ನೋಡುತ್ತೇನೆ, ತಾಯಿಯ ಸೆರಗಿನ ಮೇಲೆ, ಗಾಜಿನ ಒಳಗಡೆ, ಏನೋ ಹರಿದಾಡುತ್ತಿದೆ. ಅಕ್ಕಿಕಾಳಿಗಿಂತ ತುಸು ಉದ್ದ, ಮೈಗೆ ಬೆಳ್ಳಿಯ ಪುಡಿ ಮೆತ್ತಿದ ಹಾಗೆ, ಹಿಂದೆ ಕೂದಲಿನಂಥ ಮೂರು ಬಾಲ. ನೀರಿಲ್ಲದಲ್ಲಿ ಮೀನು ಬಳುಕಿದಂತೆ ಬಳುಕಿ, ತಾಯಿಯ ಕಿವಿಯ ಹಿಂದೆ ಹೋಗಿ ಮಾಯವಾಯಿತು. ಬೆಳ್ಳಿಹುಳ. ಸೆರಗಿನ ಅಂಚು ಆಗಲೇ ಹುಳ ತಿಂದು ನಕ್ಷೆಯಂತಾಗಿತ್ತು.

ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಕಟ್ಟಿನ ಹಿಂದೆ ಡಾಂಬರು ಗುಳಿಗೆ ಸಿಕ್ಕಿಸಿದೆ. ಒಣ ಬೇವಿನ ಎಲೆ ಇಟ್ಟೆ. ಯಾರೋ ಹೇಳಿದರೆಂದು ಲವಂಗ ಇಟ್ಟೆ. ಒಂದು ವಾರ ನನ್ನ ತಾಯಿ ಮಸಾಲೆ ಅಂಗಡಿಯ ವಾಸನೆ ಸೂಸಿದರು, ಹುಳ ಕಿವಿಯಿಂದ ಕುತ್ತಿಗೆಗೆ ಬಂತು. ಆಗ ಕೆಳಗೆ ಒಯ್ದು ಚಾಚಾನ ಮುಂದಿಟ್ಟೆ.

ಅವರು ಕಟ್ಟನ್ನು ಮಕಾಡೆ ಮಲಗಿಸಿ, ಹಿಂದಿನ ಕಾಗದ ಕಿತ್ತು, ರಟ್ಟು ಎತ್ತಿದರು. ರಟ್ಟಿನ ಒಳಗಡೆ, ಅಂಟು ಹಚ್ಚಿದ್ದ ಕಡೆಯೆಲ್ಲ, ಹುಳಗಳು. ಎಣಿಸಲಿಲ್ಲ. ಬೆಳಕು ಬಿದ್ದೊಡನೆ ಎಲ್ಲ ದಿಕ್ಕಿಗೂ ಓಡಿದವು. ಅಂಟು ಹಚ್ಚದ ಮಧ್ಯಭಾಗ ಹೊಸದರ ಹಾಗಿತ್ತು.

ಚಾಚಾ ರಟ್ಟನ್ನು ನನ್ನ ಕಡೆಗೆ ತಿರುಗಿಸಿದರು. “ಮಾಸ್ತರ, ನೀವು ಸೈನ್ಸ್ ಕಲಸವ್ರು. ಈ ಹುಳ ಏನ್ ತಿಂತೈತಿ?”

ನಾನು ತರಗತಿಯಲ್ಲಿ ಹೇಳುವಂತೆ ಹೇಳಿಬಿಟ್ಟೆ. “ಪಿಷ್ಟ ತಿಂತೈತ್ರಿ.”

“ಪಿಷ್ಟ ಅಂದ್ರ?”

“ಹಿಟ್ಟಿನೊಳಗ ಇರ್ತೈತಲ್ರಿ, ಅದು. ಗಂಜಿ ಹಾಕಿದ ಬಟ್ಟಿ ತಿಂತೈತಿ. ಅಂಟು ತಿಂತೈತಿ. ಸಕ್ಕರಿ ಇದ್ರಂತೂ ಬಿಡಂಗೇ ಇಲ್ಲ.”

ಹೇಳುವಾಗ ನನಗೆ ಏನೂ ಅನಿಸಲಿಲ್ಲ. ಅವರ ಕಣ್ಣು ಬೆಂಚಿನ ಮೇಲಿದ್ದ ಅಂಟಿನ ಪಾತ್ರೆಯ ಕಡೆಗೆ ಹೋದದ್ದನ್ನು ಕಂಡ ಮೇಲೆ ಅನಿಸಿತು. ಅವರು ಬಾಯಿಯಿಂದ ಮೊಳೆಗಳನ್ನು ತೆಗೆದರು. ಒಂದೊಂದಾಗಿ ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟರು.

“ಅಂದ್ರ ಹದಿನಾಕು ವರ್ಷದಿಂದ ನಾ ಹುಳಕ್ಕ ಅಡಗಿ ಮಾಡಿ, ಊರ ಮಂದಿ ಅಜ್ಜ ಮುತ್ತ್ಯಾಗೋಳ ಮ್ಯಾಲೆ ಎಡಿ ಬಡಿಸೇನಿ” ಅಂದರು.

ಒಳಗಿನಿಂದ ಚಾಚಿ ಎಲ್ಲ ಕೇಳಿಸಿಕೊಂಡಿದ್ದರು. “ಆತು, ನಾಳಿಂದ ಮೈಲುತುತ್ತ ಹಾಕ್ರಿ. ಹಳೇದು ಹಳೇದಾತು. ಡಂಗುರ ಹೊಡಿಬ್ಯಾಡ್ರಿ.”

“ಹಳೇದು ಹಳೇದಾಗಂಗಿಲ್ಲ ಬೇ. ತಿಂದು ಮುಗೀತೈತಿ.”

ನಾನೂ ಒಂದು ಬುದ್ಧಿವಾದ ಹೇಳಿದೆ. ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಹೇಳಿದ್ದು ಹೌದು. ಗೋಡೆಯ ತಂಪಿನಿಂದ ಹುಳ ಬಂತು ಎನ್ನಿ, ಊರಿಗೆ ಬರುವ ಭೂತನಾಳ ಕೆರೆಯ ನೀರೇ ಹಾಗೆ ಎನ್ನಿ, ಯಾರು ನೋಡುತ್ತಾರೆ ಅಂದೆ.

“ಕೆರಿ ಮ್ಯಾಲೆ ಹಾಕಿದ್ರ ಕೆರಿ ಬಂದು ಇಲ್ಲ ಅನ್ನಂಗಿಲ್ಲ, ಅದು ಖರೆ” ಅಂದರು. ಮತ್ತೆ ಮೊಳೆಗಳನ್ನು ಬಾಯಿಗೆ ಇಟ್ಟುಕೊಂಡರು. ಅಲ್ಲಿಗೆ ಆ ಮಾತು ಮುಗಿಯಿತು.

ಅದರ ಮುಂದಿನ ಭಾನುವಾರದಿಂದ ತಿರುಗಾಟ ಸುರುವಾಯಿತು. ನನಗೆ ರಜೆ, ನಾನೂ ಜೊತೆಗೆ ಹೋಗುತ್ತಿದ್ದೆ. ನನ್ನ ಬಾಯಿಂದ ಬಂದ ಒಂದು ಪಾಠಕ್ಕೆ ಅವರೊಬ್ಬರೇ ಹೊರೆ ಹೊರುವುದು ಸರಿಯಲ್ಲ ಅನಿಸಿತ್ತು. ಒಂದು ಚೀಲದಲ್ಲಿ ಇಕ್ಕಳ, ಬ್ರಶ್ಶು, ರಟ್ಟು, ಮೈಲುತುತ್ತ ಬೆರೆಸಿದ ಹೊಸ ಅಂಟು. ಮನೆಯ ಬಾಗಿಲಲ್ಲಿ ನಿಂತು ಮೊದಲೇ ಹೇಳಿಬಿಡುತ್ತಿದ್ದರು: “ನಿಮ್ಮ ಫೋಟೋಕ್ಕ ಹುಳ ಬಿದ್ದೈತಿ. ನನ್ನ ಅಂಟಿನಿಂದ ಬಿದ್ದೈತಿ. ಪುಕಟ ಮಾಡಿ ಕೊಡ್ತೇನಿ, ಒಳಗ ಬಿಡ್ರಿ.”

ಅವರ ಬಳಿ ಗಿರಾಕಿಗಳ ಹೆಸರಿನ ಪಟ್ಟಿ ಏನೂ ಇರಲಿಲ್ಲ. ಬದುಕಿದ್ದವರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಸತ್ತವರ ಮುಖ ಮಾತ್ರ ಒಂದೂ ಮರೆತಿರಲಿಲ್ಲ. ತಿಕೋಟಾದ ಬಸ್ ನಿಲ್ದಾಣದಲ್ಲಿ ಇಳಿದು, ಎಲೆ ಅಡಿಕೆ ಅಂಗಡಿಯ ಮುಂದೆ ಕೂತಿದ್ದ ಹಿರಿಯರನ್ನು ಅವರು ಕೇಳಿದ ರೀತಿ ಹೀಗೆ:

“ಯಜಮಾನ್ರ, ಎಡಗಿವಿ ಹರಿದಿತ್ತು, ಮೀಸಿ ಗಲ್ಲದ ತನಕ ಇಳಿದಿತ್ತು, ಸತ್ತು ಐದಾರು ವರ್ಷ ಆಗಿರಬೇಕು. ಎಲ್ಲಿ ಅದಾನ?”

ಹಿರಿಯರು ನಗಲಿಲ್ಲ. ಎಲೆ ಮಡಚುತ್ತ ಯೋಚಿಸಿ, “ಹರಕ ಕಿವಿ... ಹಾಂ, ಅಂವ ಮೊದಲ ಪಡಸಾಲ್ಯಾಗ ಇದ್ದ. ಮಗ ಹೊಸ ಮನಿ ಕಟ್ಯಾನ, ಈಗ ಅಲ್ಲಿಗೆ ಹೋಗ್ಯಾನ. ಬಾವಿ ದಾಟಿ ಎಡಕ್ಕ ಹೋಗ್ರಿ” ಅಂದರು.

ಹೀಗೆ ಸತ್ತವರನ್ನು ವಿಚಾರಿಸಿಕೊಂಡು ಊರೆಲ್ಲ ಅಲೆದೆವು. ಕೆಲವರು ಬೈದರು. ಒಬ್ಬ ದ್ರಾಕ್ಷಿ ತೋಟದವ, “ನಮ್ಮಪ್ಪನ ಮಾರಿ ಹುಳಕ್ಕ ತಿನಿಸಿ ಈಗ ಬಂದೀಯೇನಲೇ?” ಎಂದು ಎದ್ದೇ ಬಂದ. ಚಾಚಾ ಹಿಂದೆ ಸರಿಯಲಿಲ್ಲ. “ತಿನಿಸೇನಿ ಅಂತ ಹೇಳಾಕ ಬಂದೇನಿ. ಹೊಡಿಯೂದಿದ್ರ ಹೊಡಿ, ಆದ್ರ ಮೊದಲ ನಿಮ್ಮಪ್ಪನ್ನ ಕೆಳಗ ಇಳಿಸು. ಮೂಗು ಇನ್ನೂ ಉಳದೈತಿ.” ಇಳಿಸಿ ನೋಡಿದರೆ ಮೂಗು ಉಳಿದಿತ್ತು, ಗಲ್ಲ ಹೋಗಿತ್ತು. ಅದೇ ಮನುಷ್ಯ ಸಂಜೆ ನಾವು ಹೊರಡುವಾಗ ತೋಟದ ಕೋಣೆಯಿಂದ ಒಂದು ಡಬ್ಬಿ ಮೈಲುತುತ್ತ ತಂದು ಚೀಲಕ್ಕೆ ಹಾಕಿದ.

ಕೆಲಸದ ರೀತಿ ಹೀಗಿತ್ತು. ಗೋಡೆಯ ಮೇಲಿದ್ದವರನ್ನೆಲ್ಲ ಇಳಿಸಿ ಅಂಗಳದ ಬಿಸಿಲಿಗೆ ಮಕಾಡೆ ಮಲಗಿಸುವುದು. ಮುಖಕ್ಕೆ ಬಿಸಿಲು ಬೀಳಬಾರದು, ಬೆನ್ನಿಗೆ ಬೀಳಬೇಕು. ಆಮೇಲೆ ಒಂದೊಂದನ್ನೇ ಎತ್ತಿ ಬೆನ್ನಿನ ಮೇಲೆ ಅಂಗೈಯಿಂದ ಬಾರಿಸುವುದು. ಹುಳ, ಹುಳದ ಪೊರೆ, ಕರಿ ಮೆಣಸಿನ ಪುಡಿಯಂಥ ಹಿಕ್ಕೆ, ಎಲ್ಲ ಕೆಳಗೆ ಉದುರುತ್ತಿತ್ತು. ತಿಕೋಟಾದ ಒಬ್ಬ ಹಳೆಯ ಗೌಡರು ಬದುಕಿದ್ದಾಗ ಅವರ ಎದುರು ಯಾರೂ ಚಪ್ಪಲಿ ಮೆಟ್ಟಿ ನಡೆಯುತ್ತಿರಲಿಲ್ಲವಂತೆ. ಆ ಗೌಡರ ಬೆನ್ನಿಗೆ ಚಾಚಾ ಹನ್ನೆರಡು ಸಲ ಬಾರಿಸಿದರು. ಸುತ್ತ ನಿಂತ ಮನೆಯವರ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ. ಸೊಸೆಯೊಬ್ಬಳು, “ಇನ್ನೊಂದೆರಡು ಹಾಕ್ರಿ ಚಾಚಾ, ಮೂಲ್ಯಾಗ ಉಳದಾವ” ಅಂದಳು. ಮೂಲೆಯಲ್ಲಿ ಏನೂ ಉಳಿದಿರಲಿಲ್ಲ.

ಹೆಂಗಸರಿಗೆ ಅವರು ಪಾಠ ಹೇಳುತ್ತಿದ್ದರು. “ಅಮಾಸಿಗೊಮ್ಮೆ ಫೋಟೋಕ್ಕ ನೀರು ಹೊಯ್ದು ತೊಳೀತೀರಿ. ಆ ನೀರು ಎಲ್ಲಿ ಹೋಗ್ತೈತಿ? ಒಳಗ ಇಳೀತೈತಿ. ಒಣಾ ಅರಬಿಲೆ ಒರಸ್ರಿ.” ಕಟ್ಟು ಗೋಡೆಗೆ ಅಂಟಿಕೊಂಡಿರಬಾರದು, ಕೆಳಗಿನ ಎರಡು ಮೂಲೆಗೆ ಕಟ್ಟಿಗೆಯ ಚೂರು ಬಡಿದು ಗೋಡೆಯಿಂದ ದೂರ ನಿಲ್ಲಿಸಬೇಕು, ಗಾಳಿ ಆಡಬೇಕು. ಸೀರೆಗಳನ್ನು ಗಂಜಿ ಸಮೇತ ಟ್ರಂಕಿಗೆ ಹಾಕಬಾರದು, ಒಗೆದು ಬಿಸಿಲಿಗೆ ಹಾಕಿ ಎತ್ತಿಡಬೇಕು. ಡಾಂಬರು ಗುಳಿಗೆ ಹುಳವನ್ನು ಕೊಲ್ಲುವುದಿಲ್ಲ, ಪಕ್ಕದ ಮನೆಗೆ ಕಳಿಸುತ್ತದೆ. ಒಂದು ಮನೆಯಲ್ಲಿ ದೇವರ ಫೋಟೋದ ಬಾಯಿಗೆ ಹಬ್ಬಕ್ಕೊಮ್ಮೆ ಹೋಳಿಗೆ ಮುಟ್ಟಿಸುವ ರೂಢಿ. ಗಾಜಿನ ಸಂದಿಯಲ್ಲಿ ಹೂರಣ ಕಟ್ಟಿಕೊಂಡಿತ್ತು. ಚಾಚಾ ಅದನ್ನು ಮೊಳೆಯಿಂದ ಕೆರೆದು ತೆಗೆದು ಮನೆಯೊಡತಿಗೆ ತೋರಿಸಿದರು. “ಯವ್ವಾ, ನಿಮ್ಮ ಎಡಿ ಮುಟ್ಟೈತಿ. ಆದ್ರ ಉಂಡವ್ರು ಬ್ಯಾರೆ.”

ಇಷ್ಟೆಲ್ಲ ಮಾಡಿದರೂ ಬಬಲೇಶ್ವರದ ಒಂದು ಮನೆಯನ್ನು ಅವರು ಮುಂದೆ ಮುಂದೆ ಹಾಕುತ್ತಲೇ ಇದ್ದರು. ಬಬಲೇಶ್ವರಕ್ಕೆ ನಾವು ಮೂರು ಭಾನುವಾರ ಹೋದೆವು. ಮೂರು ಸಲವೂ ಆ ಮನೆಯ ಓಣಿಯ ತನಕ ಹೋಗಿ, “ಇದು ಮುಂದಿನ ವಾರ” ಎಂದು ಹಿಂದಿರುಗಿದರು. ಕಾರಣವನ್ನು ಬಸ್ಸಿನಲ್ಲಿ ಹೇಳಿದರು. ಇದು ನಾನು ಕೇಳಿದ್ದು.

ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ರುಮಾಲು ಸುತ್ತಿ, ಹಾರ ಹಾಕಿ ಫೋಟೋ ತೆಗೆಸುವುದುಂಟು. ಎಷ್ಟೋ ಜನಕ್ಕೆ ಅದೇ ಮೊದಲ ಫೋಟೋ. ಬಬಲೇಶ್ವರದ ಆ ಮನೆಯ ಯಜಮಾನ ಹೊಲದಲ್ಲಿ ಕೂತಲ್ಲೇ ಹೋದ. ಹೆಂಡತಿ ಆ ದಿನ ತಿಕೋಟಾದಲ್ಲಿ, ತಂಗಿಯ ಮನೆಯಲ್ಲಿದ್ದಳು. ಸುದ್ದಿ ಮುಟ್ಟಿ ಅವಳು ಬರುವಷ್ಟರಲ್ಲಿ ಗಂಡನನ್ನು ಕೂಡಿಸಿ ಆಗಿತ್ತು, ಕಣ್ಣು ಮುಚ್ಚಿಸಿ ಆಗಿತ್ತು. ಆಮೇಲೆ ಅವಳು ಫೋಟೋ ಹಿಡಿದುಕೊಂಡು ಚಾಚಾನ ಅಂಗಡಿಗೆ ಬಂದು ಒಂದೇ ಮಾತು ಕೇಳಿದಳಂತೆ: “ಇವನ ಕಣ್ಣು ತೆರಸು. ನಾ ಬಂದೇನಿ ಅನ್ನೂದು ಅವಗ ಗೊತ್ತಿಲ್ಲ.”

ಚಾಚಾ ಸಿನಿಮಾ ಬೋರ್ಡು ಬರೆಯುವ ಒಬ್ಬ ಪೇಂಟರನಿಂದ ಫೋಟೋದ ಮೇಲೆ ಕಣ್ಣು ಬರೆಸಿದರು. ಅವನಿಗೆ ಬರುತ್ತಿದ್ದದ್ದು ಒಂದೇ ನಮೂನೆಯ ಕಣ್ಣು. ಅರವತ್ತು ವರ್ಷದ ರೈತನಿಗೆ ಉದ್ದ ರೆಪ್ಪೆಯ, ಹೊಳೆಯುವ, ನಾಯಕನ ಕಣ್ಣುಗಳು ಬಂದವು. ಮುದುಕಿ ನೋಡಿ, “ಇವು ಇವನವು ಅಲ್ಲ. ಇರಲಿ, ತೆರೆದಾವಲ್ಲ” ಅಂದಳು. ಮತ್ತೆ ಮುಚ್ಚುವುದಿಲ್ಲವಷ್ಟೇ ಎಂದು ಕೇಳಿದಳು. ಮುಚ್ಚುವುದಿಲ್ಲ ಎಂದು ಚಾಚಾ ಮಾತು ಕೊಟ್ಟರು.

“ಆ ಬಣ್ಣ ಗೋಂದಿನೊಳಗ ಕಲಸಿದ್ದು ಮಾಸ್ತರ” ಅಂದರು ಬಸ್ಸಿನಲ್ಲಿ. “ನೀವು ಹೇಳ್ರಿ, ಹುಳ ಗೋಂದು ತಿಂತೈತೇನು?”

ತಿನ್ನುತ್ತದೆ. ನಾನು ಹೇಳಲಿಲ್ಲ. ಅವರು ನನ್ನ ಮುಖ ನೋಡಿ, ಕಿಟಕಿಯ ಕಡೆಗೆ ತಿರುಗಿಕೊಂಡರು.

ನಾಲ್ಕನೆಯ ಭಾನುವಾರ ಆ ಮನೆಗೆ ಹೋದೆವು. ಮುದುಕಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರ ಹಿಡಿದರೆ ಕಾಣುತ್ತಿತ್ತು, ದೂರದ್ದು ಕಾಣುತ್ತಿರಲಿಲ್ಲ. ಫೋಟೋ ಎದುರಿನ ಗೋಡೆಯ ಮೇಲೆ, ಎತ್ತರದಲ್ಲಿತ್ತು. ಚಾಚಾ ರೂಢಿಯಂತೆ ಮೊದಲು ಗೋಡೆ ನೋಡಿದರು. ನಾನೂ ನೋಡಿದೆ. ಬರೆದ ಕಣ್ಣುಗಳು ಇರಲಿಲ್ಲ. ಬಣ್ಣವನ್ನಷ್ಟೇ ಹುಳ ನೆಕ್ಕಿ ತೆಗೆದಿತ್ತು. ಕೆಳಗಿನ ಫೋಟೋ, ಒಂದೆರಡು ಗೀರು ಬಿಟ್ಟರೆ, ಹಾಗೇ ಇತ್ತು. ರುಮಾಲು, ಹಾರ, ಮುಚ್ಚಿದ ಎರಡು ರೆಪ್ಪೆ.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅವಳು ತುಟಿಯ ಮೇಲೆ ಬೆರಳಿಟ್ಟು, ತಲೆ ಅಲ್ಲಾಡಿಸಿ ಬೇಡ ಎಂದಳು. ಅವಳಿಗೆ ಮೊದಲೇ ಗೊತ್ತಿತ್ತು.

ಅಷ್ಟರಲ್ಲಿ ಮುದುಕಿ ಗಂಡನ ಜೊತೆಗೆ ಮಾತಾಡಿದಳು. ಬದುಕಿದ್ದಾಗ ಅವನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು ಸತ್ತ ಮೇಲೆ ಏಕವಚನಕ್ಕೆ ಇಳಿದಿದ್ದಳು ಎಂದು ಸೊಸೆ ಆಮೇಲೆ ಹೇಳಿದಳು. “ನೋಡು, ಫೋಟೋಕ್ಕ ಕಾಚು ಹಾಕೂ ಸಾಬ ಬಂದಾನ. ಹಿಂಗ್ಯಾಕ ದಿಟ್ಟಿಸಿ ನೋಡ್ತೀ, ಗುರ್ತು ಸಿಗಲಿಲ್ಲೇನು?”

ಚಾಚಾ ಆಗ ತಾನೇ ಮೊಳೆಗಳನ್ನು ಬಾಯಿಗೆ ಇಟ್ಟುಕೊಂಡಿದ್ದರು. ತೆಗೆದು ಕಿಸೆಗೆ ಹಾಕಿದರು.

“ಯವ್ವಾ, ಅವ್ರ ಕಣ್ಣು ಮುಚ್ಚ್ಯಾವು.”

“ಏನಂದಿ?”

“ಬಣ್ಣ ಹುಳ ತಿಂದೈತಿ. ನನ್ನ ಅಂಟಿಗೆ ಬಂದ ಹುಳ. ಮುಚ್ಚಂಗಿಲ್ಲ ಅಂತ ಮಾತು ಕೊಟ್ಟಿದ್ದೆ, ಮುಚ್ಚ್ಯಾವು.”

ಮುದುಕಿಯ ಕೈ ಮೊರದ ಮೇಲೆ ನಿಂತಿತು. “ಯಾವಾಗಿಂದ?”

“ಗೊತ್ತಿಲ್ಲವ್ವಾ.”

“ಹಂಗಾರ ನಾ ಇಷ್ಟ ದಿನ ಯಾರ ಜೋಡಿ ಮಾತಾಡಿದೆ?”

ಸೊಸೆ ಒಳಗೆ ಹೋದಳು. ಚಾಚಾ ನಿಂತೇ ಇದ್ದರು. ಮೊರದಲ್ಲಿ ಒಂದು ಗುಬ್ಬಿ ಬಂದು ಕೂತು, ಎರಡು ಕಾಳು ಹೆಕ್ಕಿ ಹೋಯಿತು.

ಕೊನೆಗೆ ಮುದುಕಿ, “ಇಳಿಸು” ಅಂದಳು. ಫೋಟೋವನ್ನು ಗಾಜು ತೆಗೆದು ಅವಳ ತೊಡೆಯ ಮೇಲಿಟ್ಟರು. ಅವಳು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. “ಹೂಂ. ಇದು ಅವನ ಚಟ. ಏನರ ಕೇಳಿದ್ರ ಕಣ್ಣು ಮುಚ್ಕೊಂಡು ಕುಂ‍ಡ್ರೂದು. ಸತ್ತ ಮ್ಯಾಲೂ ಬಿಡಲಿಲ್ಲ ನೋಡು.” ಆಮೇಲೆ ಚಾಚಾನ ಕಡೆಗೆ ತಿರುಗಿದಳು. “ತೆರಿ. ಈಗ ತೆರಿ, ಇಲ್ಲೇ. ಆ ಪೇಂಟರ ಬ್ಯಾಡ. ನೀನ ಬರಿ, ನಾ ಹೇಳ್ತೇನಿ.”

ಚಾಚಾ ಅಲ್ಲಿಯ ತನಕ ಜೀವನದಲ್ಲಿ ಯಾವ ಮುಖವನ್ನೂ ಬರೆದವರಲ್ಲ. ಅದನ್ನು ಹೇಳಿದರು. ಮುದುಕಿ ಕೇಳಲಿಲ್ಲ. ಚೀಲದಲ್ಲಿ ಕಟ್ಟಿಗೆ ಬಳಿಯುವ ಬಿಳಿ ಬಣ್ಣ ಇತ್ತು. ಕಪ್ಪಿಗೆ ಸೊಸೆ ಮನೆಯಲ್ಲೇ ಮಾಡಿದ ಕಾಡಿಗೆ ತಂದಳು. ಗೋಂದು ಕಲಸಿದರು. ಕಲಸುವಾಗ ಚಾಚಾ ತಿಕೋಟಾದ ಆ ಡಬ್ಬಿ ತೆಗೆದು, ಮೈಲುತುತ್ತದ ಪುಡಿಯನ್ನು ಎರಡು ಚಿಟಿಕೆ ಹಾಕಿದರು. ಸ್ವಲ್ಪ ತಡೆದು ಇನ್ನೊಂದು ಚಿಟಿಕೆ ಹಾಕಿದರು. ನಾನು ಹೆಚ್ಚಾಯಿತು ಅಂದೆ. ಅವರು ಕೇಳಲಿಲ್ಲ.

ಅಂಗಳದ ಬಿಸಿಲಿನಲ್ಲಿ ಕೂತು ಕಣ್ಣು ಬರೆದರು. ಮುದುಕಿ ಪಕ್ಕದಲ್ಲಿ.

“ಅಷ್ಟ ದೊಡ್ಡದು ಬ್ಯಾಡ. ಅವನ ಕಣ್ಣು ಮೆಣಸಿನಕಾಳಿನಷ್ಟು ಇದ್ದವು.”

“ಆತವ್ವಾ.”

“ಎಡಗಡಿದು ಇನ್ನಾ ಸಣ್ಣದು. ಬೀಡಿ ಹೊಗಿಗೆ ಅದನ್ನ ಕಿರಿದು ಮಾಡ್ತಿದ್ದ.”

“ಹಿಂಗ?”

“ಹಾಂ... ಇಲ್ಲ, ಇನ್ನಾ ಲುಚ್ಚಾ ಕಾಣಬೇಕು.”

ಚಾಚಾ ಉಸಿರು ಹಿಡಿದು ಒಂದು ಚುಕ್ಕೆ ಇಟ್ಟರು. ಮುದುಕಿ ಫೋಟೋ ಕಸಿದುಕೊಂಡು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನಮಗಲ್ಲ, ಫೋಟೋಕ್ಕೆ ಹೇಳಿದಳು: “ಬಂದೇನಿ ನೋಡು. ತಿಕೋಟಾದ ಬಸ್ಸು ತಡ ಆತು.”

ಚಾಚಾ ಬ್ರಶ್ಶು ತೊಳೆಯಲು ಎದ್ದುಹೋದರು. ಬ್ರಶ್ಶು ತೊಳೆಯಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಮೈಲುತುತ್ತ ತನ್ನ ಗುಣ ಬಿಡಲಿಲ್ಲ. ಶ್ರಾವಣದ ತಂಪಿಗೆ ಆ ಕಣ್ಣಿನ ಬಿಳುಪು ನೀಲಿಗೆ ತಿರುಗಿತು ಎಂದು ಬಬಲೇಶ್ವರದಿಂದ ಬಂದ ಯಾರೋ ಹೇಳಿದರು. ಇಂಗ್ಲಿಷರ ಕಣ್ಣು ಬಂತೆಂದು ಊರ ಹುಡುಗರು ಮುದುಕನಿಗೆ ‘ಕಲೆಕ್ಟರ ಸಾಹೇಬ’ ಎಂದು ಹೆಸರಿಟ್ಟಿದ್ದರಂತೆ. ಕಲೆ ಬೀಳದ ಕಟ್ಟು ಎಂದು ಹೆಸರಾದ ಅಂಗಡಿಗೆ ಇದಕ್ಕಿಂತ ದೊಡ್ಡ ಕಲೆ ಬೇಕಿರಲಿಲ್ಲ. ಚಾಚಾ ಕೇಳಿ ಮೊಳೆಗಳ ಸಂದಿಯಿಂದ, “ನೀಲಿ ಆಗ್ಲಿ ಬಿಡ್ರಿ. ಅಂದ್ರ ಹುಳಕ್ಕ ರುಚಿ ಇಲ್ಲ ಅಂತ ಅರ್ಥ” ಅಂದರು.

ಅವರು ತೀರಿಕೊಂಡದ್ದು ಅದರ ಮುಂದಿನ ಚಳಿಗಾಲದಲ್ಲಿ. ಇದನ್ನು ನಾನು ಕಂಡೆ. ಆದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ.

ಭಾನುವಾರ, ತಿಕೋಟಾದಿಂದ ಮಧ್ಯಾಹ್ನದ ಬಸ್ಸು. ಚಾಚಾ ಕಿಟಕಿಯ ಬದಿಗೆ, ನಾನು ಪಕ್ಕದಲ್ಲಿ. ಅವರ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಯಾರದೋ ಅಜ್ಜನ ಫೋಟೋ. ಗಾಜು ಒಡೆದಿತ್ತು, ಹೊಸದು ಹಾಕಲು ತರುತ್ತಿದ್ದರು. ಹೊರಟಾಗ ಅವರು, ಆ ಅಜ್ಜನ ಗಲ್ಲದ ನರಹುಲಿ ಹುಳಕ್ಕೆ ಬೇಡವಾಗಿದ್ದು ಹೇಗೆ ಎಂದು ಕೇಳಿದರು. ನಾನು ನಕ್ಕೆ. ಆಮೇಲೆ ನಾನು ನನ್ನ ಶಾಲೆಯ ಹೆಡ್ ಮಾಸ್ತರರ ಬಗ್ಗೆ ಏನೋ ದೂರು ಹೇಳಲು ಸುರು ಮಾಡಿದೆ. ಅವರು ಹೊರಗೆ ನೋಡುತ್ತಿದ್ದರು. ಕೇಳುತ್ತಿದ್ದಾರೆ ಎಂದುಕೊಂಡೆ. ತೊರವಿ ಬಂತು, ಇಬ್ಬರು ಇಳಿದರು, ಬಸ್ಸು ಹೊರಟಿತು. ನಾನು ದೂರು ಹೇಳುತ್ತಲೇ ಇದ್ದೆ. ಕಂಡಕ್ಟರ್ ಬಂದು, “ಏ ಚಾಚಾ, ಇವತ್ತ ಯಾರನ್ನ ಹೊತ್ತೊಂಡು ಹೊಂಟೀರಿ?” ಎಂದು ಭುಜ ಮುಟ್ಟಿದ. ತಲೆ ಕಿಟಕಿಯ ಸರಳಿಗೆ ತಾಗಿತು. ಕೈಗಳು ಫೋಟೋವನ್ನು ಹಿಡಿದೇ ಇದ್ದವು. ಕಣ್ಣು ತೆರೆದಿದ್ದವು.

ಬಸ್ಸು ನಿಲ್ಲಿಸಿದರು. ಯಾರೋ ನೀರು ತಂದರು. ಕಂಡಕ್ಟರ್, “ಮಾಸ್ತರ, ಕಣ್ಣು ಮುಚ್ಚರಿ” ಅಂದ. ನಾನು ಮುಚ್ಚಿದೆ. ಎರಡನೆಯ ಸಲಕ್ಕೆ ಮುಚ್ಚಿದವು.

ನಾನು ಎಲ್ಲಿಂದ ಎಲ್ಲಿಯ ತನಕ ಅವರಿಲ್ಲದೆ ಅವರ ಜೊತೆ ಮಾತಾಡಿದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ತೊರವಿಗಿಂತ ಮೊದಲೇ ಇರಬೇಕು.

ಅವರ ಮನೆಯವರ ಶೋಕದ ದಿನಗಳು ಕಳೆದ ಮೇಲೆ ನಾನು ಬಬಲೇಶ್ವರಕ್ಕೆ ಹೋದೆ. ಹೋಗಲು ಯಾರೂ ಹೇಳಿರಲಿಲ್ಲ. ಮುದುಕಿಗೆ ಸುದ್ದಿ ಮುಟ್ಟಿರಲಿಲ್ಲ. ಪಡಸಾಲೆಗೆ ಕಾಲಿಟ್ಟವನು ಮೊದಲು ಗೋಡೆ ನೋಡಿದೆ. ಆ ಚಟ ಈಗ ನನಗೂ ಹತ್ತಿತ್ತು. ಫೋಟೋವನ್ನು ಕೈಗೆ ಎಟಕುವಷ್ಟು ಕೆಳಗೆ ಇಳಿಸಿ ಹಾಕಿದ್ದರು. ಕೆಳಗಿನ ಎರಡು ಮೂಲೆಗೆ ಕಟ್ಟಿಗೆಯ ಚೂರು. ಮೆಣಸಿನಕಾಳಿನಂಥ ಎರಡು ಕಣ್ಣು, ಎಡಗಡೆಯದು ತುಸು ಸಣ್ಣದು, ಸುತ್ತ ತಿಳಿ ನೀಲಿ. ತೆರೆದಿದ್ದವು.

ಸುದ್ದಿ ಹೇಳಿದೆ. ಮುದುಕಿ ಎದ್ದು, ಫೋಟೋ ಇಳಿಸಿ, ಮಕಾಡೆ ಹಿಡಿದು ಬೆನ್ನಿಗೆ ಎರಡು ಬಾರಿಸಿದಳು. ಬರೀ ಧೂಳು ಬಿತ್ತು. ಒಣ ಅರಿವೆಯಿಂದ ಗಾಜು ಒರೆಸಿ, ಗಂಡನನ್ನು ತನ್ನ ಮುಖದ ಹತ್ತಿರ ತಂದುಕೊಂಡಳು. “ಕೇಳಿದೇನು? ನಿನ್ನ ಕಣ್ಣು ತೆರಸಿದಾಂವ ಹ್ವಾದ.”

ಮತ್ತೆ ಮೊಳೆಗೆ ಹಾಕಿ, ಸೊಟ್ಟಗಿದೆಯೇನೋ ಎಂದು ಅಂಗೈಯಿಂದ ಸವರಿ ನೋಡಿ, ನನ್ನನ್ನು ಕೇಳಿದಳು: “ಅವನ ಫೋಟೋ ಐತೇನು?”

“ಇಲ್ಲವ್ವಾ. ಅವರ ಮನ್ಯಾಗ ಫೋಟೋ ಹಾಕಂಗಿಲ್ಲ. ಒಂದೂ ತೆಗಿಸಿಲ್ಲ.”

ಅವಳು ಮೊರವನ್ನು ಹತ್ತಿರ ಎಳೆದುಕೊಂಡು ಕೂತಳು. ಒಂದು ಹಿಡಿ ಜೋಳ ಕೇರಿದಳು.

“ಹಂಗಾರ ಅವಗ ಹುಳದ ಕಾಟ ಇಲ್ಲ. ಪಾರಾದ ಬಿಡು” ಅಂದಳು.